ದಾವೆ ಹೂಡುವ ಮುನ್ನ: ಮಧ್ಯಸ್ಥಿಕೆಯ ಕೋಣೆ ಕಲಿಸಿದ ಒಂಬತ್ತು ಪಾಠಗಳು

ಅಣ್ಣತಮ್ಮಂದಿರ ಪಾಲಿನ ದಾವೆಗಳಲ್ಲಿ ಅತಿ ಹೆಚ್ಚು ಸಲ ನನ್ನ ಕಿವಿಗೆ ಬೀಳುವ ಮಾತು ಒಂದೇ: "ದುಡ್ಡಿನ ಪ್ರಶ್ನೆ ಅಲ್ಲ ಮೇಡಂ." ವಾದಿಯೂ ಇದನ್ನೇ ಹೇಳುತ್ತಾರೆ, ಪ್ರತಿವಾದಿಯೂ ಇದನ್ನೇ ಹೇಳುತ್ತಾರೆ. ಹಾಗಾದರೆ ಯಾವುದರ ಪ್ರಶ್ನೆ ಎಂದು ಕೇಳಿದರೆ ಇಬ್ಬರೂ ಗೋಡೆ ನೋಡುತ್ತಾರೆ. ಫೀಸು ಕಟ್ಟಿ, ಕೋರ್ಟಿಗೆ ಅಲೆದು, ಒಡಹುಟ್ಟಿದವರ ಮನೆಯ ಮದುವೆ ತಿಥಿ ಎರಡನ್ನೂ ಬಿಟ್ಟು ವರ್ಷಗಟ್ಟಲೆ ಹೋರಾಡಿದವರಿಗೂ ತಾವು ಹೋರಾಡುತ್ತಿರುವುದು ಯಾತಕ್ಕೆ ಎಂದು ಒಂದು ವಾಕ್ಯದಲ್ಲಿ ಹೇಳಲು ಆಗುವುದಿಲ್ಲ.

ನಾನು ವಕೀಲೆ, ಜೊತೆಗೆ ಮಧ್ಯಸ್ಥಿಕೆ ಕೇಂದ್ರದಲ್ಲಿ ಮೀಡಿಯೇಟರ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರಲ್ಲಿ ಜಾರಿಗೆ ಬಂದ ಮೇಲೆ ನ್ಯಾಯಾಲಯಗಳು ಇಂಥ ವ್ಯಾಜ್ಯಗಳನ್ನು ಮಾತುಕತೆಗೆ ಕಳಿಸತೊಡಗಿದವು. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ ಶುರುವಾದದ್ದು 2007ರಲ್ಲಿ. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯಿದೆ ಬಂತು. ನಮ್ಮದು ತೀರ್ಪು ಕೊಡುವ ಕೆಲಸವಲ್ಲ. ಪ್ರಶ್ನೆ ಕೇಳುತ್ತೇವೆ, ಉತ್ತರ ಬರುವ ತನಕ ಕಾಯುತ್ತೇವೆ. ಆ ಕೋಣೆಯ ಮಾತು ಗೋಪ್ಯವಾದ್ದರಿಂದ ಇಲ್ಲಿ ಬರುವ ಪ್ರಸಂಗಗಳಲ್ಲಿ ನಂಟು, ಲೆಕ್ಕ, ವಿವರ ಎಲ್ಲವನ್ನೂ ಬದಲಿಸಿದ್ದೇನೆ, ಹಲವರ ಕಥೆಯನ್ನು ಒಂದರೊಳಗೆ ಸೇರಿಸಿದ್ದೇನೆ.

ನಾನು ಕಂಡುಕೊಂಡದ್ದು ಇಷ್ಟು: ತನಗೆ ಯಾವುದು ಮುಖ್ಯ ಎಂದು ತಿಳಿಯದ ಮನುಷ್ಯ ಎದುರಿಗೆ ಕಂಡ ವಸ್ತುವಿಗಾಗಿ ಜಗಳವಾಡುತ್ತಾನೆ. ಅದು ಸಿಕ್ಕರೂ ಅವನಿಗೆ ಸಮಾಧಾನ ಸಿಗುವುದಿಲ್ಲ.

1. ಕೇಳುವ ವಸ್ತುವಿನ ಹಿಂದೆ ಇನ್ನೊಂದು ಇರುತ್ತದೆ

ಒಬ್ಬ ಅಣ್ಣ ಬಾವಿ ಇರುವ ಐದು ಗುಂಟೆ ಜಾಗಕ್ಕೆ ಪಟ್ಟು ಹಿಡಿದಿದ್ದರು. ಬೇರೆ ಸರ್ವೆ ನಂಬರಿನಲ್ಲಿ ಅದರ ಎರಡರಷ್ಟು ಕೊಡಲು ತಮ್ಮ ತಯಾರಿದ್ದ. ಅಣ್ಣ ಜಗ್ಗಲಿಲ್ಲ. ಬೆಲೆ, ಅಳತೆ, ಪಹಣಿ ಎಲ್ಲ ಮಾತಾಡಿ ಮುಗಿದ ಮೇಲೆ ಕೇಳಿದೆ: "ಆ ಐದು ಗುಂಟೆ ನಿಮಗೆ ಬಂತು ಅಂತಿಟ್ಟುಕೊಳ್ಳಿ. ಆಮೇಲೆ ಏನಾಗುತ್ತೆ?" ಬಹಳ ಹೊತ್ತಿನ ಮೇಲೆ ಮಾತು ಬಂತು. "ಆ ಬಾವಿ ತೋಡಿದವರಲ್ಲಿ ನಾನೊಬ್ಬ. ಸ್ಕೂಲು ಬಿಟ್ಟು ತೋಡಿದೆ. ಇವನ ಎಂಜಿನಿಯರಿಂಗ್ ಫೀಸು ಆ ನೀರಿಂದ ಬಂದಿದ್ದು. ಒಂದು ದಿನಕ್ಕೂ ಇವನ ಬಾಯಲ್ಲಿ ಆ ಮಾತು ಬರಲಿಲ್ಲ."

ಅವರಿಗೆ ಬೇಕಾಗಿದ್ದದ್ದು ತನ್ನ ದುಡಿಮೆಗೆ ಮನ್ನಣೆ. ಅದನ್ನು ಕೊಡಬಲ್ಲವನು ಆ ತಮ್ಮ ಒಬ್ಬನೇ, ನ್ಯಾಯಾಧೀಶರಿಂದ ಆಗದ ಕೆಲಸ ಅದು. ಕೊನೆಗೆ ರಾಜಿ ಅರ್ಜಿಯಲ್ಲಿ, ಕುಟುಂಬದ ಜಮೀನು ಉಳಿದದ್ದು ಹಿರಿಯರ ಶ್ರಮದಿಂದ ಎಂಬ ಒಂದು ವಾಕ್ಯವೂ ಬಾವಿ ನೀರಿನಲ್ಲಿ ಇಬ್ಬರಿಗೂ ಹಕ್ಕು ಎಂಬ ಇನ್ನೊಂದು ವಾಕ್ಯವೂ ಸೇರಿದವು. ಹಾರ್ವರ್ಡಿನ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರ ತಮ್ಮ ಪುಸ್ತಕದಲ್ಲಿ ಪಟ್ಟು ಬೇರೆ, ಪಟ್ಟಿನ ಹಿಂದಿನ ಅಗತ್ಯ ಬೇರೆ ಎಂದು ವಿಂಗಡಿಸಿದ್ದಾರೆ. ಜಗತ್ತಿನಾದ್ಯಂತ ಮೀಡಿಯೇಟರುಗಳ ತರಬೇತಿಯಲ್ಲಿ ಇದನ್ನು ಹೇಳಿಕೊಡುತ್ತಾರೆ. ನನ್ನ ಅನುಭವದಲ್ಲಿ ಆ ಅಗತ್ಯದ ಕೆಳಗೆ ಇನ್ನೊಂದು ಪದರವಿದೆ, ಅದೇ ಆ ಮನುಷ್ಯನ ಮೌಲ್ಯ. "ಆಮೇಲೆ ಏನಾಗುತ್ತೆ?" ಎಂದು ಎರಡು ಮೂರು ಸಲ ಕೇಳಿದರೆ ಅಲ್ಲಿಗೆ ಮುಟ್ಟಬಹುದು.

2. ಬಾಯಿ ಹೇಳುವುದನ್ನು ಬಿಡಿ, ದಿನಚರಿ ನೋಡಿ

ತಾಯಿಯನ್ನು ನೋಡಿಕೊಳ್ಳುವ ವಿಷಯಕ್ಕೆ ಮೂವರು ಮಕ್ಕಳು ಜಗಳವಾಡಿಕೊಂಡು ಬಂದಿದ್ದರು. ಮೂವರದೂ ಒಂದೇ ಮಾತು: ನಮಗೆ ಅಮ್ಮನೇ ಸರ್ವಸ್ವ. "ಅಮ್ಮನ ಬಿಪಿ ಮಾತ್ರೆಯ ಹೆಸರೇನು? ದಿನಕ್ಕೆ ಎಷ್ಟು ಸಲ?" ಎಂದು ಕೇಳಿದೆ. ಉತ್ತರ ಗೊತ್ತಿದ್ದದ್ದು ಮೂಲೆಯಲ್ಲಿ ಕೂತಿದ್ದ ಸೊಸೆಗೆ. ದಾವೆಯಲ್ಲಿ ಅವಳ ಹೆಸರೇ ಇರಲಿಲ್ಲ.

ಆ ಮಕ್ಕಳು ಸುಳ್ಳುಗಾರರಲ್ಲ, ಅಮ್ಮ ಮುಖ್ಯ ಎಂದು ನಿಜವಾಗಿಯೂ ನಂಬಿದ್ದರು. ನಂಬಿಕೆ ಮಾತ್ರ ಅವರ ದಿನಚರಿಗೆ ಇಳಿದಿರಲಿಲ್ಲ. ನಾವೂ ಪರೀಕ್ಷಿಸಿಕೊಳ್ಳಬಹುದು: ಕಳೆದ ತಿಂಗಳ ಬ್ಯಾಂಕ್ ಪಟ್ಟಿ, ಫೋನ್‌ಪೇ ಪಟ್ಟಿ, ಮೊಬೈಲ್ ತೋರಿಸುವ ಸ್ಕ್ರೀನ್ ಟೈಮ್, ಯಾರಿಗೆ ಎಷ್ಟು ಸಲ ಫೋನ್ ಮಾಡಿದ್ದೇವೆ ಎಂಬ ದಾಖಲೆ. ಆರೋಗ್ಯ ಮುಖ್ಯ ಎನ್ನುವವರ ಕಾಲು ವಾರದಲ್ಲಿ ಎಷ್ಟು ದಿನ ರಸ್ತೆಗಿಳಿಯಿತು?

ಕಾನೂನೂ ನೋಡುವುದು ನಡೆದುಕೊಂಡ ರೀತಿಯನ್ನೇ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಡಿ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ನನ್ನ ಮನಸ್ಸಿನಲ್ಲಿ ಪ್ರೀತಿ ಇತ್ತು ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

3. ಕಷ್ಟ ಬರುವುದು ಒಳ್ಳೆಯದು ಒಳ್ಳೆಯದರ ಎದುರು ನಿಂತಾಗ

ಪ್ರಾಮಾಣಿಕತೆ ಬೇಕೋ ಮೋಸ ಬೇಕೋ ಎಂದು ತೂಗುತ್ತಾ ಯಾರೂ ನಿದ್ದೆಗೆಡುವುದಿಲ್ಲ. ನಿದ್ದೆ ಕೆಡಿಸುವುದು ಎರಡು ಒಳ್ಳೆಯ ಸಂಗತಿಗಳ ನಡುವಿನ ಆಯ್ಕೆ. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನು ತೆಗೆಯಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಕಾನೂನಿನ ಗೊಂದಲ ಬಹುಮಟ್ಟಿಗೆ ಮುಗಿದಿದೆ. ಅಕ್ಕತಂಗಿಯರ ಮನಸ್ಸಿನ ಗೊಂದಲ ಮುಗಿದಿಲ್ಲ.

ಒಂದೇ ಮನೆಯ ಇಬ್ಬರನ್ನು ನೆನೆಯುತ್ತೇನೆ. ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಂದಿದ್ದರು. "ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಬರೋ ಅಣ್ಣ ನನಗೆ ಬೇಕು." ತಂಗಿ ಒಪ್ಪಲಿಲ್ಲ. "ಹಕ್ಕು ಬಿಟ್ಟರೆ ಮಾತ್ರ ಬರೋ ಬಾಗಿನ ನನಗೆ ಬೇಡ." ಅಕ್ಕನಿಗೆ ತವರಿನ ನಂಟು ಮೊದಲು, ತಂಗಿಗೆ ಸಮಾನತೆ ಮೊದಲು. ಯಾರು ಸರಿ ಎಂದು ಹೇಳುವುದು ನನ್ನ ಕೆಲಸವಾಗಿರಲಿಲ್ಲ. ಇಬ್ಬರೂ ತಮ್ಮ ಹಕ್ಕು ಏನು, ಬಿಟ್ಟರೆ ಕಳೆದುಕೊಳ್ಳುವುದು ಎಷ್ಟು ಎಂದು ತಿಳಿದೇ ನಿರ್ಧರಿಸಿದ್ದಾರೆಯೇ, ಯಾರ ಹೆದರಿಕೆಗಾದರೂ ಒಪ್ಪಿದ್ದಾರೆಯೇ ಎಂದು ಮಾತ್ರ ನೋಡಿದೆ. ಅಕ್ಕನ ಜೊತೆ ಬೇರೆಯಾಗಿ ಕೂತು ಮಾತಾಡಿದಾಗ ಅವರೇ ಒಂದು ಮಾತು ಸೇರಿಸಿದರು: "ನಾನು ಬಿಟ್ಟೆ ಅಂತ ತಂಗಿಯೂ ಬಿಡಬೇಕು ಅಂತ ಅಣ್ಣ ಹೇಳಬಾರದು." ಆ ಮಾತಿಗೆ ಅಣ್ಣ ಒಪ್ಪಿದ ಮೇಲೆಯೇ ಸಹಿಯಾಯಿತು.

ಮನೋವಿಜ್ಞಾನಿ ಶಾಲೋಮ್ ಶ್ವಾರ್ಟ್ಜ್ 1992ರಲ್ಲಿ 20 ದೇಶಗಳ ಅಧ್ಯಯನವನ್ನು ಮುಂದಿಟ್ಟು ಹತ್ತು ಮೂಲ ಮೌಲ್ಯಗಳನ್ನು ಒಂದು ವೃತ್ತದಲ್ಲಿ ಜೋಡಿಸಿದರು. ಪಕ್ಕಪಕ್ಕದವು ಹೊಂದಿಕೊಳ್ಳುತ್ತವೆ, ಎದುರುಬದುರಿನವು ಸೆಣಸುತ್ತವೆ. ಸಂಪ್ರದಾಯದ ಎದುರಿಗೆ ಸ್ವಂತ ಆಯ್ಕೆ ಕೂತಿದೆ, ಅಧಿಕಾರದ ಎದುರಿಗೆ ಎಲ್ಲರ ಹಿತ ಕೂತಿದೆ. ಎಲ್ಲ ಮೌಲ್ಯವನ್ನೂ ಒಟ್ಟಿಗೆ ಪಾಲಿಸುತ್ತೇನೆ ಎಂದು ಹೊರಟವರು ಬಿಕ್ಕಟ್ಟಿನ ದಿನ ಕಕ್ಕಾಬಿಕ್ಕಿಯಾಗುವುದು ಇದರಿಂದಲೇ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಗೊತ್ತಿರಬೇಕು.

4. ಮೌಲ್ಯ ಬೇರೆಯಾದರೆ ವೈರಿಗಳಾಗಬೇಕಿಲ್ಲ

ಮೈಸೂರಿನ ಇತಿಹಾಸದಲ್ಲಿ ಇದಕ್ಕೊಂದು ದೊಡ್ಡ ಉದಾಹರಣೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು 1912ರಲ್ಲಿ ದಿವಾನರಾದ ಎಂ. ವಿಶ್ವೇಶ್ವರಯ್ಯ ಸೇರಿ ಕಟ್ಟಿದ್ದು ಸಾಮಾನ್ಯವಲ್ಲ: ಕನ್ನಂಬಾಡಿ ಕಟ್ಟೆ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ಕೊಡುವ ಪ್ರಶ್ನೆ ಎದ್ದಾಗ ಮಾತ್ರ ಇಬ್ಬರ ದಾರಿ ಕವಲೊಡೆಯಿತು. ದಿವಾನರಿಗೆ ಅರ್ಹತೆ ಮೊದಲು, ಅರಸರಿಗೆ ಎಲ್ಲ ಸಮುದಾಯಗಳ ಪಾಲ್ಗೊಳ್ಳುವಿಕೆ ಮೊದಲು. 1918ರಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಕವಾದ ಹೊತ್ತಿನಲ್ಲಿ ವಿಶ್ವೇಶ್ವರಯ್ಯ ಹುದ್ದೆ ಬಿಟ್ಟು ಹೊರಟರು.

ಆ ವಿಷಯದಲ್ಲಿ ಕಾಲ ಅರಸರ ಕಡೆಗೇ ನಿಂತಿತು ಎಂಬುದು ನನ್ನ ಅಭಿಪ್ರಾಯ. ಆದರೆ ನಾನು ಹೇಳಹೊರಟಿರುವುದು ಮುಂದಿನ ಸಂಗತಿ. ಕೆಲವೇ ವರ್ಷಗಳಲ್ಲಿ, 1923ರಲ್ಲಿ, ಕಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ಮೈಸೂರು ಸಂಸ್ಥಾನ ವಿಶ್ವೇಶ್ವರಯ್ಯನವರಿಗೇ ಒಪ್ಪಿಸಿತು, ಅವರು ಹೊತ್ತುಕೊಂಡರು. ಭಿನ್ನತೆ ಎಲ್ಲಿದೆ ಎಂದು ಇಬ್ಬರಿಗೂ ಖಚಿತವಾಗಿ ತಿಳಿದಿದ್ದರಿಂದ ಅದು ಅಷ್ಟಕ್ಕೇ ನಿಂತಿತು. ಪಾಲಿಗೆ ಬಂದ ಅಣ್ಣತಮ್ಮಂದಿರಿಗೆ ಈ ಕಥೆ ಹೇಳುವುದುಂಟು. ವ್ಯವಹಾರದಲ್ಲಿ ರಿಸ್ಕ್ ಬೇಡ ಎನ್ನುವ ಅಣ್ಣ, ಬೆಳೆಯಬೇಕು ಎನ್ನುವ ತಮ್ಮ ಒಂದೇ ಅಂಗಡಿಯಲ್ಲಿ ಕೂರಲಾರರು. ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂರಬಹುದು.

5. "ಜನ ಏನಂತಾರೆ" ಎಂಬುದನ್ನು ಪಕ್ಕಕ್ಕಿಟ್ಟು ನೋಡಿ

ನಮ್ಮದೆಂದು ಹೊತ್ತು ತಿರುಗುವ ಮೌಲ್ಯಗಳಲ್ಲಿ ಬಹಳಷ್ಟು ಎರವಲು. ಮಗಳ ಮದುವೆಗೆ ಸಾಲ ಮಾಡಿ, ಸಾಲಕ್ಕೆ ಜಮೀನು ಅಡವಿಟ್ಟು, ಆ ಅಡವಿನ ಜಗಳದಲ್ಲಿ ನನ್ನೆದುರು ಕೂತ ತಂದೆಗೆ ಕೇಳುತ್ತೇನೆ: "ಊರಲ್ಲಿ ಯಾರಿಗೂ ಗೊತ್ತೇ ಆಗಲ್ಲ ಅಂದಿದ್ದರೆ ಎಷ್ಟು ಖರ್ಚು ಮಾಡ್ತಿದ್ರಿ?" ಬರುವ ಮೊತ್ತ ಯಾವಾಗಲೂ ಚಿಕ್ಕದು. ಯಾರೂ ನೋಡದಿದ್ದರೂ ಮಾಡುತ್ತಿದ್ದ ಅಷ್ಟು ಭಾಗ ಅವರ ಸ್ವಂತದ್ದು.

ಹಾಗೆಂದು ಮರ್ಯಾದೆಯ ಮಾತನ್ನು ಪೂರಾ ತಳ್ಳಿಹಾಕಬಾರದು. ಹಳ್ಳಿಯಲ್ಲಿ ಹೆಸರಿದ್ದವನಿಗೆ ಅಂಗಡಿಯಲ್ಲಿ ಕಡ ಸಿಗುತ್ತದೆ, ಮಕ್ಕಳಿಗೆ ಸಂಬಂಧ ಸಿಗುತ್ತದೆ, ಕಷ್ಟಕ್ಕೆ ಆಳು ಸಿಗುತ್ತಾರೆ. ಆ ಲಾಭಕ್ಕಾಗಿ ಖರ್ಚು ಮಾಡಿದರೆ ಅದನ್ನು ಲಾಭವೆಂದೇ ಕರೆಯಿರಿ, ಮೌಲ್ಯವೆಂದು ಕರೆದು ನಿಮಗೆ ನೀವೇ ಮೋಸ ಮಾಡಿಕೊಳ್ಳಬೇಡಿ.

6. ಕೋಪ, ಅವಮಾನ ಬಂದ ಕಡೆ ಹುಡುಕಿ

ನಿಮ್ಮ ಮೌಲ್ಯಗಳೇನು ಎಂದು ಹಾಳೆ ಕೊಟ್ಟರೆ ಜನ ಶಾಲೆಯ ಗೋಡೆಬರಹ ಬರೆದುಕೊಡುತ್ತಾರೆ. "ಈ ಜಗಳದಲ್ಲಿ ನಿಮಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಯಾವ ಮಾತಿಗೆ?" ಎಂದು ಕೇಳಿದರೆ ನಿಜ ಹೊರಬರುತ್ತದೆ. ಲೆಕ್ಕದಲ್ಲಿ ಲಕ್ಷ ಕಡಿಮೆಯಾದದ್ದಕ್ಕೆ ಸುಮ್ಮನಿದ್ದವರು, ಲೆಕ್ಕವನ್ನೇ ತೋರಿಸಲಿಲ್ಲ ಎಂಬುದಕ್ಕೆ ಕೋರ್ಟಿಗೆ ಬಂದಿರುತ್ತಾರೆ. ಅಂಥವರಿಗೆ ಪಾರದರ್ಶಕತೆ ಬೇಕು. ಹಣ ಹೆಚ್ಚಿಸಿ ರಾಜಿ ಮಾಡಲು ಹೋದರೆ ಇನ್ನಷ್ಟು ಸಿಡುಕುತ್ತಾರೆ.

ನೋವು ದಾರಿ ತೋರಿಸುವುದೂ ಉಂಟು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರಿಗೆ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ಶಾಲೆಯ ಮುಖ ಕಾಣದ ತನ್ನ ಸ್ಥಿತಿ ಊರ ಮಕ್ಕಳಿಗೆ ಬರಬಾರದು ಎಂದುಕೊಂಡರು. ಕಿತ್ತಳೆಯ ಸಂಪಾದನೆಯಲ್ಲಿ ಉಳಿಸಿ, ಕಂಡಕಂಡವರನ್ನು ಕೇಳಿ, ನ್ಯೂಪಡ್ಪುವಿನಲ್ಲಿ ಶಾಲೆ ಆಗುವ ಹಾಗೆ ಮಾಡಿದರು. 2020ರ ಪದ್ಮಶ್ರೀ ಅವರಿಗೆ ಸಂದಿತು. ಅದೇ ಅವಮಾನ ಇನ್ನೊಬ್ಬರಿಗೆ ಆಗಿದ್ದರೆ ಗಿರಾಕಿಯ ಮೇಲಿನ ಸಿಟ್ಟಾಗಿ ಮುಗಿಯುತ್ತಿತ್ತು. ಅವರು ಆ ನೋವು ಯಾತಕ್ಕೆ ಎಂದು ಕೇಳಿಕೊಂಡರು.

7. ಗುರಿ ಮುಟ್ಟಿದ ಮೇಲೂ ಉಳಿಯುವುದು ಯಾವುದು?

ಪಾಲಿನ ದಾವೆ ಗೆದ್ದವರಿಗೆ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಎಂದು ಅದು ಹೇಳುತ್ತದೆ. ಯಾವ ಕಡೆಯಿಂದ ಯಾವ ಕಡೆಗೆ ಎಂದು ಅಳೆದು ಕೊಡಲು ಅಂತಿಮ ಡಿಕ್ರಿಯ ಪ್ರಕ್ರಿಯೆ ಬೇರೆ ನಡೆಯಬೇಕು. ಮೇಲ್ಮನವಿಗಳೂ ಸೇರಿದರೆ ಹೂಡಿದವರ ಮಕ್ಕಳು ಮುಂದುವರಿಸುವ ದಾವೆಗಳಿವೆ. ಗೆಲ್ಲಬೇಕು ಎಂಬುದನ್ನೇ ಬದುಕಿನ ಅರ್ಥ ಮಾಡಿಕೊಂಡವರು ಗೆದ್ದ ಮರುದಿನ ಖಾಲಿಯಾಗುವುದನ್ನು ಕಂಡಿದ್ದೇನೆ. ಕೆಲವರು ಇನ್ನೊಂದು ದಾವೆಗೆ ಕಾರಣ ಹುಡುಕುತ್ತಾರೆ.

ಮನೆ ಕಟ್ಟುವುದು, ಮಗಳನ್ನು ಡಾಕ್ಟರ್ ಮಾಡುವುದು, ಕೇಸು ಗೆಲ್ಲುವುದು ಇವೆಲ್ಲ ಗುರಿಗಳು, ಒಂದು ದಿನ ಮುಗಿಯುತ್ತವೆ. ನ್ಯಾಯವಾಗಿ ನಡೆದುಕೊಳ್ಳುವುದು, ಕಲಿಯುತ್ತಿರುವುದು, ಮನೆಗೆ ಬಂದವರನ್ನು ಆದರಿಸುವುದು ಮುಗಿಯುವಂಥವಲ್ಲ. ನಿಮ್ಮ ಗುರಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಇದು ಮುಗಿದ ಮೇಲೆ ನಾನು ಯಾವ ಥರದ ಮನುಷ್ಯನಾಗಿರಬೇಕು ಎಂದು ಪ್ರತಿಯೊಂದರ ಎದುರೂ ಬರೆಯಿರಿ. ಏನೂ ಬರೆಯಲಾಗದ ಗುರಿಯ ಬಗ್ಗೆ ಇನ್ನೊಮ್ಮೆ ಯೋಚಿಸಿ.

8. ಅವಸರದಲ್ಲಿ ಸಹಿ ಮಾಡಬೇಡಿ

1973ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಹೇಳಲೇಬೇಕು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಸಮಯವಿದೆ ಎಂದುಕೊಂಡವರಲ್ಲಿ ಶೇ. 63 ಮಂದಿ ನೆರವಿಗೆ ನಿಂತರು. ತಡವಾಗಿದೆ, ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ಶೇ. 10 ಮಾತ್ರ. ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಕಥೆಯ ಬಗ್ಗೆಯೇ ಮಾತಾಡಲು ಹೊರಟಿದ್ದವರು ಒಟ್ಟು ವಿದ್ಯಾರ್ಥಿಗಳಲ್ಲಿ ಅರ್ಧದಷ್ಟಿದ್ದರು. ಭಾಷಣದ ವಿಷಯದಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ, ಅವಸರದಿಂದ ಆಯಿತು.

ಮಾತುಕತೆ ಮುಗಿದ ಸಂಜೆಯೇ ಸಹಿ ಹಾಕಿಬಿಡೋಣ ಎನ್ನುವವರನ್ನು ನಾನು ಮನೆಗೆ ಕಳಿಸುತ್ತೇನೆ. 2023ರ ಕಾಯಿದೆ ಮಧ್ಯಸ್ಥಿಕೆಗೆ 120 ದಿನ, ಇಬ್ಬರೂ ಒಪ್ಪಿದರೆ ಇನ್ನೂ 60 ದಿನ ಕೊಡುತ್ತದೆ. ಅಷ್ಟು ಸಮಯವಿರುವಾಗ ಒಂದು ರಾತ್ರಿ ಮಲಗಿ ಎದ್ದು ಬರಲು ಏನು ಅಡ್ಡಿ? ಮನೆ ಕೊಳ್ಳುವಾಗ, ಕೆಲಸ ಬಿಡುವಾಗ, ಜಾಮೀನು ನಿಲ್ಲುವಾಗಲೂ ಇದೇ ಮಾತು. ಇವತ್ತೇ ಹೇಳಬೇಕು ಎಂದು ಒತ್ತಾಯಿಸುವವರಿಗೆ ನಿಮ್ಮ ಮೌಲ್ಯದ ನೆನಪು ನಿಮಗೆ ಬರುವುದು ಬೇಕಾಗಿರುವುದಿಲ್ಲ.

9. ಬದುಕಿದ್ದಾಗಲೇ ಹೇಳಿ

ಎಷ್ಟೋ ದಾವೆಗಳ ಮೂಲದಲ್ಲಿ ತೀರಿಕೊಂಡ ತಂದೆಯ ಮೌನವಿದೆ. ಚಿಕ್ಕ ಮಗನಿಗೆ ಹೆಚ್ಚು ಬರೆದಿದ್ದಾರೆ, ಯಾಕೆಂದು ಯಾರಿಗೂ ಹೇಳಿಲ್ಲ. ಅವನ ಆರೋಗ್ಯ ಸರಿಯಿಲ್ಲದ್ದಕ್ಕೋ, ಕೊನೆಗಾಲದಲ್ಲಿ ಅವನೇ ನೋಡಿಕೊಂಡದ್ದಕ್ಕೋ ಗೊತ್ತಾಗುವ ಬಗೆಯಿಲ್ಲ. ಉಳಿದ ಮಕ್ಕಳು ಓದಿಕೊಳ್ಳುವುದು ಒಂದೇ: ನಮ್ಮ ಮೇಲೆ ಪ್ರೀತಿ ಇರಲಿಲ್ಲ.

ವಿಲ್ ಬರೆಯಲು ಕಾನೂನು ಕೇಳುವುದು ಕಡಿಮೆ. ಸ್ವಸ್ಥ ಮನಸ್ಸಿರಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನನ್ನ ಬಳಿ ಬರುವ ಹಿರಿಯರಿಗೆ ಜೊತೆಗೆ ಒಂದು ಪುಟದ ಕಾಗದ ಬರೆಯಲು ಹೇಳುತ್ತೇನೆ: ಯಾರಿಗೆ ಎಷ್ಟು ಎಂಬುದನ್ನು ಬಿಟ್ಟು, ಯಾಕೆ ಎಂದು. ಅದಕ್ಕಿಂತ ಒಳ್ಳೆಯದು ಮಕ್ಕಳನ್ನು ಕೂರಿಸಿಕೊಂಡು ಬಾಯಲ್ಲೇ ಹೇಳುವುದು. ಅವರು ಒಪ್ಪದೆ ಇರಬಹುದು. ನಿಮ್ಮ ಕಾರಣ ಏನೆಂದು ಊಹಿಸುತ್ತಾ ಜೀವನ ಕಳೆಯುವುದಂತೂ ತಪ್ಪುತ್ತದೆ.

ಮನೆಯಲ್ಲೇ ಮಾಡಬಹುದಾದದ್ದು

ಮಿಲ್ಟನ್ ರೋಕೀಚ್ ಎಂಬ ಮನೋವಿಜ್ಞಾನಿ 1973ರ ತನ್ನ ಪುಸ್ತಕದಲ್ಲಿ 18ರಂತೆ ಎರಡು ಮೌಲ್ಯಗಳ ಪಟ್ಟಿ ಕೊಟ್ಟು, ಅವನ್ನು ಕ್ರಮವಾಗಿ ಜೋಡಿಸಲು ಜನರಿಗೆ ಹೇಳಿದ. ಎಲ್ಲಕ್ಕೂ ಟಿಕ್ ಹಾಕಲು ಅವಕಾಶವಿಲ್ಲ, ಒಂದನ್ನು ಮೇಲಿಟ್ಟರೆ ಇನ್ನೊಂದು ಕೆಳಗಿಳಿಯಲೇಬೇಕು. ನಮಗೆ ಅಷ್ಟು ಉದ್ದದ ಪಟ್ಟಿ ಬೇಡ. ಐದು ಚೀಟಿ ಸಾಕು. ನಿಮಗೆ ಮುಖ್ಯವಾದ ಐದನ್ನು ಬರೆದು, ಒಂದೊಂದಾಗಿ ಮೂರನ್ನು ಕೈಬಿಡಿ. ಉಳಿದ ಎರಡಕ್ಕಾಗಿ ಕಳೆದ ವರ್ಷ ನೀವು ಕಳೆದುಕೊಂಡದ್ದೇನು ಎಂದು ಹಿಂದೆ ಬರೆಯಿರಿ: ಹಣವೋ, ಸಮಯವೋ, ಯಾರದೋ ಮೆಚ್ಚುಗೆಯೋ. ಏನೂ ಕಳೆದುಕೊಂಡಿಲ್ಲವಾದರೆ ಆ ಚೀಟಿ ಇನ್ನೂ ಬರೀ ಆಸೆ.

ಗಂಡ ಹೆಂಡತಿ ಬೇರೆಬೇರೆಯಾಗಿ ಬರೆದು ಆಮೇಲೆ ಹೋಲಿಸಿ ನೋಡಿ. ಒಡಹುಟ್ಟಿದವರ ಜೊತೆ ಆಸ್ತಿಯ ಮಾತು ಬಾಕಿಯಿದ್ದರೆ, ವಕೀಲರನ್ನು ಕಾಣುವ ಮೊದಲು ಆ ಎರಡು ಚೀಟಿಗಳನ್ನು ಹಿಡಿದುಕೊಂಡು ಅವರ ಮನೆಗೆ ಹೋಗಿ. ಮಾತು ಮುರಿದರೆ ನ್ಯಾಯಾಲಯ ಇದ್ದೇ ಇದೆ, ನಾವೂ ಇದ್ದೇವೆ. ಆದರೆ ನಿಮಗೆ ಯಾವುದು ಮುಖ್ಯ ಎಂದು ತೀರ್ಮಾನಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ. ಆ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು.